ಹತ್ತುವವರು

ಪೆನ್ಸಿಲ್ವೇನಿಯಾದ ಕಲ್ಲುಗಳಿಗೆ ಮೈಯೆಲ್ಲ ಅಂಚು.
ಅಂಗಾತ ಮಲಗಿಸಿಟ್ಟ ಕೊಡಲಿಗಳ ಮೇಲೆ ನಡೆದಂತೆ.
ನನಗಿದು ಆರನೆಯ ದಿನ, ಮಳೆಗೆ ಒಂಬತ್ತನೆಯದು.
ಎಡಗಾಲಿನ ಎರಡು ಉಗುರು ಕಪ್ಪಾಗಿ
ಒಂದು ನಿನ್ನೆ ಕಾಲುಚೀಲದಲ್ಲೇ ಉಳಿಯಿತು.
ಎಸೆಯಲು ಮನಸ್ಸಾಗದೆ, ಯಾಕೋ,
ಖಾಲಿ ಓಟ್ಸ್ ಪೊಟ್ಟಣದಲ್ಲಿ ಮಡಿಚಿಟ್ಟೆ.

ತೂಕ ಇಳಿಯಲೆಂದು
ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಗರಗಸದಲ್ಲಿ ಕೊಯ್ದವಳು ನಾನು.
ಅರವತ್ಮೂರರ ಮಂಡಿಯನ್ನು ಎಲ್ಲಿ ಕೊಯ್ಯಲಿ?

ಮರಕ್ಕೆ ಬಳಿದ ಬಿಳಿ ಪಟ್ಟೆ. ಅದರಾಚೆ ಇನ್ನೊಂದು.
ಎದುರು ಬಂದ ಹುಡುಗ, ಗಡ್ಡದಿಂದ ನೀರಿಳಿಸುತ್ತ,
"ಇನ್ನೇನು ಬಂತು ಅಜ್ಜಿ, ಕೂಗಳತೆ ದೂರ" ಎಂದ.
ಹಾಗೆಂದವರನ್ನು ನಂಬುವುದು ಬಿಟ್ಟು
ಐನೂರು ಮೈಲಿಯಾಯಿತು.

ಅದಕ್ಕೇ, ಏರು ಬಂದಾಗ ಬಸ್ಸು ತೆಗೆಯುತ್ತೇನೆ.
ಹತ್ತೊಂಬತ್ತನೆಯ ನಂಬರು, ಹಳದಿ,
ಇಪ್ಪತ್ತೆಂಟು ವರ್ಷ ವರ್ಜೀನಿಯಾದ ಕಲ್ಲಿದ್ದಲ ಕಣಿವೆಯಲ್ಲಿ
ಅವೇ ತಿರುವು, ಅದೇ ಕತ್ತಲು.
ನಲವತ್ತು ಹೆಜ್ಜೆಗೊಂದು ನಿಲ್ದಾಣ.
ಒಂದು: ಟ್ರೂಲಾ ಮಲಿನ್ಸ್, ಒಂದೇ ಕೈಗವಸು.
ಎರಡು: ರ್‍ಯಾಟ್ಲಿಫ್ ಅವಳಿಗಳು, ಕೋಟಿನ ತುಂಬ ಒಲೆಯ ಹೊಗೆ.
ಮೂರು: ಕಾರ್ಬಿನ್, ಯಾವಾಗಲೂ ಓಡುತ್ತ,
ಬಿಚ್ಚಿದ ಲೇಸು ಕೆಸರಲ್ಲಿ ಎಳೆಯುತ್ತ.
"ನಿಧಾನ ಮಗಾ, ನಾನೆಲ್ಲೂ ಹೋಗಲ್ಲ" ಎನ್ನುತ್ತಿದ್ದೆ.
ಈಗ ಮಂಡಿಗೆ ಅದನ್ನೇ ಹೇಳುತ್ತೇನೆ.
ನಾಲ್ಕು, ಐದು, ಆರು.
ನಾನು ಹತ್ತಿದಷ್ಟೂ ಅವರು ಹತ್ತುತ್ತಾರೆ.
ಬೆನ್ನಚೀಲ ಭಾರವಾಗುತ್ತದೆ,
ಆಗಲಿ, ಬಸ್ಸು ತುಂಬಬೇಕಲ್ಲ.

ಹದಿನಾಲ್ಕರಲ್ಲಿ ನಿಲ್ಲುತ್ತೇನೆ.
ಸೇತುವೆಯ ಬಲಕ್ಕೆ, ನೀಲಿ ಟಪಾಲು ಡಬ್ಬಿ.
ಹೊಳೆ ಉಕ್ಕಿದ ಆ ವರ್ಷದಿಂದ ಅಲ್ಲಿ ಯಾರೂ ಹತ್ತಲಿಲ್ಲ.
ಕಚೇರಿಯವರು ಪಟ್ಟಿಯಿಂದ ಹೆಸರು ಹೊಡೆದರು,
ಎರಡು ನಿಮಿಷ ಉಳಿಯಿತು ಎಂದರು.
ನಾನು ಮಾತ್ರ ದಿನವೂ ಬ್ರೇಕ್ ಒತ್ತಿ
ಬಾಗಿಲು ತೆರೆದು, ಮುಚ್ಚುತ್ತಿದ್ದೆ.
ಹಿಂದಿನ ಸೀಟಿನ ತರಲೆಗಳೂ ಆಗ
ಪಿಟ್ಟೆನ್ನುತ್ತಿರಲಿಲ್ಲ.

ಇಲ್ಲೂ ಅಷ್ಟೇ. ಕೋಲೂರಿ, ಬಂಡೆಗೊರಗಿ,
ಬಾಯಿ ತೆರೆಯುತ್ತೇನೆ. ಮುಚ್ಚುತ್ತೇನೆ.
ಒಂದಿಷ್ಟು ಮಳೆ ಒಳಗೆ ಬರುತ್ತದೆ.

ಆಮೇಲೆ ಮೊದಲನೆಯ ಗೇರು.
ಹದಿನೈದು: ಡೆಸ್ಸಿ ಬ್ಲಾಂಕನ್‌ಶಿಪ್.
ಇನ್ನೂ ಹೊರಬಂದಿಲ್ಲ,
ಅಡುಗೆಮನೆಯ ದೀಪ ಮಾತ್ರ ಹತ್ತಿದೆ.
ಹಾರ್ನ್ ಒತ್ತುತ್ತೇನೆ.