ನೀನು ನೀನೇನಾ

ಬಾಗಲೂರು ರಸ್ತೆಯ ವೇಬ್ರಿಜ್ಜಿನಿಂದ ಬೆಳಗ್ಗೆ ಆರಕ್ಕೆ ಫೋನು:
"ಮೇಡಂ, ಪೆಟ್ಟಿಗೆ ಮಾತಾಡ್ತೈತೆ.
ಲಾರಿ ಇಲ್ಲ, ಹಲಗೆ ಮೇಲೆ ಒಂದು ನಾಯಿಯೂ ಇಲ್ಲ,
ತೂಕ ಎಷ್ಟು ಅಂತ ನೋಡಿದ್ರೆ
ನಾನ್ ಅಂತೈತೆ."

ಕೋದಂಡನ್ ತಮಿಳಿನವನು. ನಾನು ಹೊಸೂರಿನವಳೇ, ಮನೆಮಾತು ಕನ್ನಡ.
ಆ ಮೂರು ಕೆಂಪು ಅಕ್ಷರಗಳನ್ನು ಓದಿಕೊಂಡರೆ
ಇಬ್ಬರಿಗೂ ಅರ್ಥ ಒಂದೇ.
ಪೆಟ್ಟಿಗೆ ಹೇಳುವುದು ಬೇರೆ:
ಸಂಖ್ಯೆಯ ಜಾಗದಲ್ಲಿ ಕೂತಿರುವ,
ಸಂಖ್ಯೆಯಲ್ಲದ್ದು.

ನಿನ್ನೆ ಬಂದ್. ನೀರಿನ ಜಗಳ.
ಆಚೆಯವರು ಅತ್ತಿಬೆಲೆಯಲ್ಲಿ ಟೈರು ಸುಟ್ಟರು,
ಈಚೆಯವರು ಜೂಜುವಾಡಿಯಲ್ಲಿ.
ಒಟ್ಟು ತೂಕ ಸೊನ್ನೆ. ಬಂದ ಲಾರಿ ಸೊನ್ನೆ.
ರಾತ್ರಿ ಹನ್ನೆರಡಕ್ಕೆ ನನ್ನ ಪ್ರೋಗ್ರಾಮು ಎದ್ದು
ಎಂದಿನಂತೆ ದಿನದ ಸರಾಸರಿ ತೆಗೆಯಿತು,
ಅದರಿಂದ ಇವತ್ತಿನ ತಿದ್ದುಪಡಿ.

ಒಂದನ್ನು ಸೊನ್ನೆಯಿಂದ ಭಾಗಿಸಿದ್ದರೆ
ಅನಂತವಾದರೂ ಸಿಗುತ್ತಿತ್ತು.
ಅದಕ್ಕೊಂದು ದಿಕ್ಕಿದೆ, ಧನವೋ ಋಣವೋ ಹೇಳುತ್ತದೆ,
ಜಂಬ ಜಾಸ್ತಿ, ಆದರೂ ಸಾಲಿನಲ್ಲಿ ನಿಲ್ಲುತ್ತದೆ.
ಇದು ನಿಲ್ಲುವುದಿಲ್ಲ.
ನಲವತ್ತು ಟನ್ನಿಗಿಂತ ಹೆಚ್ಚಾ? ಅಲ್ಲ.
ಕಡಿಮೆಯಾ? ಅಲ್ಲ.
ಸಮಾನಾ? ಅಲ್ಲ.
ಐದೂವರೆಗೆ ಗ್ರಾನೈಟ್ ಲಾರಿಯೊಂದು
ಬೆನ್ನು ಮುರಿಯುವಷ್ಟು ಹೊತ್ತು ಹಲಗೆ ಹತ್ತಿ ಇಳಿದು ಹೋಗಿದೆ.
ಸೈರನ್ ಕೂಗಿಲ್ಲ.
ವಾರದ ಲೆಕ್ಕಕ್ಕೆ ಇದನ್ನು ಕೂಡಿದರೆ ವಾರವೂ ಇದೇ,
ತಿಂಗಳಿಗೆ ಕೂಡಿದರೆ ತಿಂಗಳೂ. ಹೆಪ್ಪಿನ ಒಂದು ಹನಿ.

ಪಾಲಿಟೆಕ್ನಿಕ್ಕಿನಲ್ಲಿ ಕಿಟ್ಟಪ್ಪ ಮೇಷ್ಟ್ರು ಹೇಳಿದ್ದರು:
"ಇದನ್ನು ಹಿಡಿಯೋಕೆ ಪೊಲೀಸು ಬೇಡ.
ನೀನು ನೀನೇನಾ ಅಂತ ಕೇಳು, ಸಾಕು.
ಸೊನ್ನೆ ಹೌದು ಅನ್ನುತ್ತೆ, ಋಣಸೊನ್ನೆ ಹೌದು ಅನ್ನುತ್ತೆ,
ಅನಂತವೂ ಹೌದು ಅನ್ನುತ್ತೆ.
ಇದೊಂದೇ ಕಣಮ್ಮ, ಅಲ್ಲ ಅನ್ನೋದು."

ಆ ಸಾಲು ಬರೆದಿದ್ದೆ. ಎರಡು ವರ್ಷದ ಹಿಂದೆ, ನನ್ನ ಕೈಯಾರೆ.
x != x
ಫೈಲಿನಲ್ಲಿ ಈಗಲೂ ಇದೆ.
ಯಂತ್ರಭಾಷೆಗೆ ಇಳಿದು ನೋಡಿದರೆ ಇಲ್ಲ.
ಹೊಸ ಹುಡುಗ ಯಾರೋ, ವೇಗ ಬೇಕೆಂದು,
ಕಂಪೈಲರಿನ ಕಿವಿಯಲ್ಲಿ ಒಂದು ಮಾತು ಹಾಕಿದ್ದಾನೆ:
ಅಂಥವರು ಯಾರೂ ಬರುವುದಿಲ್ಲ ಅಂದುಕೋ.
ತನಗೆ ತಾನೇ ಸಮನಲ್ಲದ್ದು ಎಲ್ಲಾದರೂ ಉಂಟೇ,
ದಂಡದ ಪ್ರಶ್ನೆ ಎಂದು
ಅದು ಸಾಲನ್ನೇ ಒರೆಸಿ ಹಾಕಿದೆ.

ಕೂತೆ. ಮೊದಲು ಬರಬೇಕಿದ್ದದ್ದನ್ನು ಮೊದಲು ಬರೆದೆ:
ಲಾರಿ ಬಂದಿತ್ತೇ?
ಆಮೇಲೆ ಬಿಟ್ಟುಗಳನ್ನೇ ಬಿಡಿಸಿದೆ, ಮೂವತ್ತೆರಡನ್ನೂ.
ಘಾತದ ಎಂಟೂ ಒಂದಾಗಿದ್ದು,
ಉಳಿದ ಇಪ್ಪತ್ಮೂರರಲ್ಲಿ ಒಂದಾದರೂ ದೀಪ ಉರಿಯುತ್ತಿದ್ದರೆ
ಅದು ಇದು. ಒಂದೂ ಉರಿಯದಿದ್ದರೆ ಅನಂತ.
ಇದನ್ನು ಯಾವ ಕಂಪೈಲರೂ
ದಂಡ ಅನ್ನಲಾರದು.

"ಟೆಸ್ಟ್ ಮಾಡಬೇಕಲ್ಲ, ಲಾರಿ ಎಲ್ಲಿ?" ಅಂದ ಕೋದಂಡನ್.
ಚಪ್ಪಲಿ ಬಿಟ್ಟು ನಾನೇ ಹತ್ತಿದೆ.
ಇಪ್ಪತ್ತು ಕೇಜಿಗೆ ಒಂದು ಹೆಜ್ಜೆ ಈ ಹಲಗೆಗೆ,
ಮಧ್ಯೆ ಇರುವುದು ಅದಕ್ಕೆ ಕಾಣುವುದಿಲ್ಲ.
ಐವತ್ಮೂರರವಳನ್ನು ಅರವತ್ತು ಅಂತು.

ಕೋದಂಡನ್ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿದ.
ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ, ಅಮ್ಮ ಕರೆಯುವುದರಲ್ಲಿ
ನನ್ನ ಹೆಸರಿಗೆ ಮೂರು ಕಾಗುಣಿತ.
ಏಳು ಕೇಜಿ ಏನು ಮಹಾ.
ಚೀಟಿಗೆ ಸಹಿ ಹಾಕಿ, ಚಪ್ಪಲಿ ಹುಡುಕಿದೆ.