ಹದಿನಾಲ್ಕನೇ ಮನೆ

ಚಳಿಗಾಲದಲ್ಲಿ ನಮ್ಮ ಅಕ್‌ಜಾರಿನ ಮೇಲೆ
ಸಂಜೆ ಐದಕ್ಕೇ ಗಾಳಿ ಮುಚ್ಚಳ ಹಾಕುತ್ತದೆ:
ಬೆಚ್ಚನೆಯದು ಮೇಲೆ, ತಣ್ಣನೆಯದು ಕೆಳಗೆ,
ನಡುವೆ ನಾವು.
ನೂರ ಹನ್ನೊಂದು ಮನೆ ಬಿಟ್ಟ ಉಸಿರನ್ನೇ
ನೂರ ಹನ್ನೊಂದು ಮನೆ ಎಳೆದುಕೊಳ್ಳುತ್ತದೆ.

ನಾನು ಇಲ್ಲಿ ಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರು.
ನರೀನಿನಿಂದ ಬಂದವರು ಇಪ್ಪತ್ತು ಪೆಟ್ಟಿಗೆ ಕೊಟ್ಟರು,
ಸೋಪಿನ ಡಬ್ಬಿಯಷ್ಟೇ, ಒಳಗೊಂದು ಫ್ಯಾನು,
ಒಂದು ಕೆಂಪು ಬೆಳಕು,
ಅಡ್ಡ ಬಂದ ಧೂಳನ್ನೆಲ್ಲ ಎಣಿಸುತ್ತದಂತೆ.
ನಂಬದವರಿಗೆಂದು ಬಿಳಿ ಕಾಗದದ ಬಿಲ್ಲೆ ಬೇರೆ:
ತೂಗಿ ಇಡು, ಒಂದು ಹಗಲು ಒಂದು ರಾತ್ರಿ ಬಿಡು,
ಮತ್ತೆ ತೂಗು.
ಹೆಚ್ಚಿದ್ದು ಗುಲಗಂಜಿಯ ಐವತ್ತರಲ್ಲೊಂದು ಪಾಲು.
ಬಣ್ಣ ಮಾತ್ರ ಕಾಡಿಗೆ.
ಊರ ಮುಖಂಡ ಕೆರಿಮ್‌ಬಾಯ್ ಬೆರಳಲ್ಲಿ ಒರೆಸಿ ನೋಡಿ
"ಇಷ್ಟೇನಾ?" ಅಂದ.
ಕೆಮ್ಮಿದ. ಮತ್ತೆ ಕೆಮ್ಮಿದ.

ದುಡ್ಡಿದ್ದವರಿಗೆ ಗಟ್ಟಿ ಕಲ್ಲಿದ್ದಲು, ಇಲ್ಲದವರಿಗೆ ಪುಡಿ,
ಅದೂ ಇಲ್ಲದವರಿಗೆ ಬೆರಣಿ, ಹಳೇ ಬೂಟು, ಬಾಟಲಿ.
ಕೆಳಗೆ ದಪ್ಪ ಕಲ್ಲಿದ್ದಲಿಟ್ಟು ಮೇಲೆ ಚಕ್ಕೆ ಹೊತ್ತಿಸಿ,
ಮೇಣದ ಬತ್ತಿಯಂತೆ ಮೇಲಿನಿಂದ ಉರಿಯಲಿ ಎಂದೆ.
"ಒಲೆ ಹೊತ್ತಿಸೋದು ನಮಗೆ ಕಲಿಸ್ತೀಯಾ ಮಗನೇ?"
ಬಿದ್ದು ಬಿದ್ದು ನಕ್ಕಳು ತೊಕ್ತೊಬ್ಯೂಬ್ಯೂ, ತನ್ನ ಹಲ್ಲಿಲ್ಲದ ಬಾಯಲ್ಲಿ.
ಆಮೇಲೆ ಯಾರೂ ಕಾಣದಾಗ ಹಾಗೇ ಹೊತ್ತಿಸಿದಳಂತೆ.

ಜನವರಿ ಇಪ್ಪತ್ಮೂರು. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಹೊಳೆದಂಡೆಯ ಕೊನೆಯ ಮನೆ, ಹದಿನಾಲ್ಕನೆಯದು,
ಮುನ್ನೂರ ಹನ್ನೆರಡಿದ್ದದ್ದು ಅರವತ್ತೊಂದಕ್ಕೆ ಇಳಿದಿತ್ತು!
ಶಾಲೆಯ ಗೇಟಿನ ಹಲಗೆಯ ಮೇಲೆ ಹಸಿರು ಸೀಮೆಸುಣ್ಣದಲ್ಲಿ
ಬರೆದೆ. ಪಕ್ಕದಲ್ಲೊಂದು ಹೂವನ್ನೂ.
ಜೇಬಿಗೆ ಮಿಠಾಯಿ ಹಾಕಿಕೊಂಡು ಅಭಿನಂದಿಸಲು ಹೊರಟೆ.

ಬಾಗಿಲು ತೆರೆದ ಬುರುಲ್ಚಾಳ ಉಸಿರು
ಮನೆಯೊಳಗೇ ಬೆಳ್ಳಗೆ ಹೊರಟಿತು.
ಉಣ್ಣೆ ಬಡಿದು ಹಾಸು ಹೊಲಿಯುವವಳು ಅವಳು.
ಹೊಲಿದದ್ದೆಲ್ಲದರ ಕೆಳಗೆ ಅವಳಿ ಹುಡುಗಿಯರು,
ಕೋಟು ಹಾಕಿಕೊಂಡೇ, ನಾಲ್ಕು ಕಣ್ಣು.
ಒಲೆಯ ಮೇಲಿನ ಕೆಟಲಿನಲ್ಲಿ ಮಂಜುಗಡ್ಡೆ.
"ಕಲ್ಲಿದ್ದಲು ಮೊನ್ನೆಯೇ ಮುಗೀತು ಮೇಷ್ಟ್ರೇ.
ನಿಮ್ಮ ಪೆಟ್ಟಿಗೆಗೆ ಸಂತೋಷ ಆಯ್ತಾ?"

ಬೆಂಕಿಯಿಲ್ಲದೆ ಹೊಗೆಯಾಡದು:
ಎಷ್ಟು ಸಲ ಕೇಳಿದ ಮಾತು.
ಅದನ್ನು ತಿರುಗಿಸಿ ಓದಲು
ನನಗೆ ಆ ಬಾಗಿಲು ಬೇಕಾಯಿತು.

ಹೂವನ್ನು ಅಂಗಿಯ ತೋಳಿನಲ್ಲೇ ಒರೆಸಿದೆ.
ಕೆರಿಮ್‌ಬಾಯ್ ಎರಡು ಮೂಟೆ ಹೊತ್ತು ತಂದು
"ಯಾವ ಲೆಕ್ಕಕ್ಕೂ ಬರೆಯಬೇಡ" ಅಂದ, ಗದರಿದ ಹಾಗೆ.
ಪ್ರಯೋಗಾಲಯದ ಥರ್ಮಾಮೀಟರುಗಳೆಲ್ಲ ಮನೆಗಳಿಗೆ ಹೋದವು.
ಪಟ್ಟಿಯಲ್ಲಿ ಹೊಗೆಯ ಪಕ್ಕಕ್ಕೆ ಚಳಿಗೂ ಒಂದು ಗೆರೆ ಎಳೆದೆ.

ಆದರೆ ಚಳಿ ಎಲ್ಲಿಂದ ಬರುತ್ತದೆಂದು ಗೊತ್ತಿದ್ದದ್ದು ಬುರುಲ್ಚಾಳಿಗೆ.
ಕಿಟಕಿಯ ಚೌಕಟ್ಟಿಗೆ ಅಂಗೈ ಹಿಡಿದು
ಹಸುವಿನ ಹೊಟ್ಟೆ ಮುಟ್ಟಿ ನೋಡುವಂತೆ
"ಇಲ್ಲಿ. ಇಲ್ಲೂ. ಅಯ್ಯೋ, ಇಲ್ಲಿ ಕುದುರೆಯೇ ನುಗ್ಗುತ್ತೆ."
ಹೊಲಿಗೆಯಲ್ಲಿ ಉಳಿದ ಉಣ್ಣೆಯ ಚಿಂದಿ
ಬೀದಿಯುದ್ದಕ್ಕೂ ಬಿರುಕುಗಳಿಗೆ ಹೋಯಿತು,
ಅಟ್ಟಕ್ಕೆ ಹೋಯಿತು, ಹೊಸಿಲ ಕೆಳಗೆ ಹೋಯಿತು.
ಒಂಬತ್ತು ದಿನ ಬರುತ್ತಿದ್ದ ಮೂಟೆ ಹದಿನಾಲ್ಕು ದಿನ ಬಂತು.
ಸುಡದ ಕಲ್ಲಿದ್ದಲಿಗೆ ಹೊಗೆಯಿಲ್ಲ;
ಇದನ್ನು ನಾನು ಪಾಠದಲ್ಲಿ ಯಾವತ್ತೂ ಹೇಳಿರಲಿಲ್ಲ.

ಮಾರ್ಚಿನ ಹೊತ್ತಿಗೆ ಊರಿನ ಸರಾಸರಿ
ನೂರಕ್ಕೆ ಹದಿನೇಳರಷ್ಟು ಇಳಿದಿತ್ತು.
ಹೂವು ಬಿಡಿಸುವಷ್ಟೇನಲ್ಲ.
ಒಂಬತ್ತನೇ ಮನೆ ಈಗಲೂ ಬೂಟು ಸುಡುತ್ತದೆ,
ನಾನು ಹೋದಾಗಲೆಲ್ಲ ನಾಯಿ ಬಿಡುತ್ತದೆ.

ಹದಿನಾಲ್ಕನೇ ಮನೆಯ ಬಿಲ್ಲೆ ಬಿಚ್ಚಿದೆ.
"ಬೂದಿ ಬಣ್ಣ" ಎಂದಳು ಒಬ್ಬಳು.
"ಅಲ್ಲ, ಕುರಿಮರಿ ಬಣ್ಣ" ಇನ್ನೊಬ್ಬಳು.
ಒಳಗೆ ಹದಿನೆಂಟು ಡಿಗ್ರಿ.
ಹೊಸಿಲ ಮೇಲೆ ನಿಂತು ಬೆಳಕಿಗೆ ಹಿಡಿದು ನೋಡುತ್ತಿದ್ದೆ,
ಬುರುಲ್ಚಾ ಸೂಜಿಯಿಂದ ತಲೆಯೆತ್ತದೆ ಕೂಗಿದಳು:
"ಒಳಗಿರಿ, ಇಲ್ಲ ಹೊರಗಿರಿ ಮೇಷ್ಟ್ರೇ,
ಬಾಗಿಲು ಹಾಕಿ."