ಗ್ರಾಮ ಪರಿಚಯ, ನಮೂನೆ ಎರಡು

ತಾಲ್ಲೂಕು ಕಚೇರಿಯಿಂದ ಹಾಳೆ ಬಂದಿದೆ,
ಸೋಮವಾರದೊಳಗೆ ತುಂಬಿ ಕಳಿಸಬೇಕಂತೆ.
ವಿಸ್ತೀರ್ಣ, ಚೆಕ್ಕುಬಂದಿ, ಸಮುದ್ರಮಟ್ಟದಿಂದ ಎತ್ತರ.
ಇತಿಹಾಸಕ್ಕೆ ಮೂರು ಗೆರೆ ಬಿಟ್ಟಿದ್ದಾರೆ,
ಶೌಚಾಲಯಕ್ಕೆ ಹನ್ನೊಂದು.

ಹುಲ್ಲುಹಟ್ಟಿ.
ಚಳ್ಳಕೆರೆಯಿಂದ ಬಸ್ಸಿಗೆ ಒಂದು ಗಂಟೆ,
ಬಸ್ಸು ಬಂದರೆ.
ಮೂಡಲಿಗೆ ಆಂಧ್ರ: ಬೇಲಿಯಿಲ್ಲ,
ಒಂದು ಕಲ್ಲು, ಅದರ ಮೇಲೆ ಒಂದು ಹೋತ.
ಎಮ್ಮೆಗೆ ತೆಲುಗಿನಲ್ಲಿ ಬೈಯುವವರು
ಅಲ್ಲೂ ಇದ್ದಾರೆ, ಇಲ್ಲೂ.
ತೆಂಕಲಿಗೆ ಹಳ್ಳ. ನೀರಿರುವ ವರ್ಷ ಅದಕ್ಕೊಂದು ಹೆಸರು,
ಇಲ್ಲದ ವರ್ಷ ಬರೀ ದಾರಿ.
ಪಡುವಲಿಗೆ ಕಾವಲು.
ಬಡಗಲಿಗೆ ಏನೂ ಇಲ್ಲ ಅಂತ ಬರೆದೆ,
ಹೊಡೆದುಹಾಕಿ ಗುಡ್ಡ ಅಂದೆ.
ಗುಡ್ಡದ ನೆತ್ತಿಗೆ ಗಾಳಿಯಂತ್ರ ಮೂರು,
ಎರಡು ತಿರುಗುತ್ತವೆ.

ಎತ್ತರ ಯಾರಿಗೂ ಗೊತ್ತಿಲ್ಲ.
ನೀರುಗಂಟಿ ಪಾಲಯ್ಯನನ್ನು ಕೇಳಿದೆ.
"ಗೊಲ್ಲರಹಟ್ಟಿ ನಮಗಿಂತ ಎರಡಾಳು ಎತ್ತರ ಕಣಮ್ಮ,
ನಮ್ಮ ವಾಲ್ವು ಕಟ್ಟೋವರೆಗೂ
ಅಲ್ಲಿಗೆ ಒಂದು ತೊಟ್ಟೂ ಏರಂಗಿಲ್ಲ.
ಸಮುದ್ರದ ವಿಚಾರ ಸಮುದ್ರದೋರನ್ನ ಕೇಳ್ಬೇಕು."

ಇತಿಹಾಸ.
ಅರಸರ ಕಾಲಕ್ಕೆ ಇಲ್ಲಿ ದನ ಮೇಯುತ್ತಿದ್ದವಂತೆ,
ತೋಪು ಎಳೆಯುವ ದನ, ತೊಡೆಗೆ ಮುದ್ರೆ.
ಕಾಯಲು ಬಂದ ಮೂರು ಮನೆ
ಮರಳಿ ಹೋಗುವುದನ್ನು ಮರೆತವು.
ಊರು ಕಟ್ಟಿದ್ದು ಅಷ್ಟೇ.
ಆಮೇಲೆ ಕಂಬಳಿ ನೇಯುವವರು ಬಂದರು,
ಹುಣಸೆಬೀಜದ ಗಂಜಿಯ ವಾಸನೆ ಅವರಿಗಿಂತ ಮೊದಲು ಬಂತು.
ಪ್ಲೇಗಿನ ವರ್ಷ ಊರು ಅರ್ಧ ಮೈಲಿ ಜರುಗಿತು.
ಹಳೇ ಊರಿನ ಒರಳುಕಲ್ಲು
ಈಗಲೂ ಗಾದ್ರಪ್ಪನ ಶೇಂಗಾ ಹೊಲದ ನಟ್ಟನಡುವೆ;
ನೇಗಿಲು ಅದನ್ನು ಬಳಸಿ ಹೋಗುತ್ತದೆ,
ಟ್ರ್ಯಾಕ್ಟರೂ.

ಮೂರು ಹಟ್ಟಿ ಕೂಡಿಸಿ ಒಂದು ಪಂಚಾಯಿತಿ ಮಾಡಿದಾಗ
ಹೆಸರು ಯಾರದೆಂದು ಏಳು ಸಭೆ.
ಏಳನೆಯದರಲ್ಲಿ ಒಂದು ತಲೆ ಒಡೆಯಿತು,
ಯರ್ರಕ್ಕನ ಮಾವನದು.
ಅವರು ಹಾಕಿಸಿಕೊಂಡ ಹೊಲಿಗೆ ನೋಡಿ
ಉಳಿದ ಎರಡು ಹಟ್ಟಿ ಸುಮ್ಮನಾದವು.
ಈ ಹೆಸರು ಹಾಗೆ ಬಂದದ್ದು.
ಮೂರು ಗೆರೆ ಎಲ್ಲೋ ಮುಗಿದಿತ್ತು,
ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತಿದ್ದೆ.

ಹೆಸರೆಂದರೆ ಸೀಲು.
ದುಂಡನೆಯ ರಬ್ಬರು, ಹಿಡಿ ಬೆವರಿಗೆ ಕಪ್ಪಾಗಿದೆ.
ನಾನು ಕೆಲಸಕ್ಕೆ ಸೇರುವ ಮೊದಲೇ
ಅದರ ಒತ್ತಕ್ಷರ ಉದುರಿಹೋಗಿತ್ತು.
ಒಂಬತ್ತು ವರ್ಷದಿಂದ ನಾವು ಹುಲುಹಟ್ಟಿ,
ಮದುವೆಗೆ, ಸಾವಿಗೆ, ಪಡಿತರಕ್ಕೆ, ಜಾಮೀನಿಗೆ.
ಹೊಸ ಸೀಲು ಕೊಡಿ ಅಂತ ಮೂರು ಸಲ ಬರೆದೆ.
ಅರ್ಜಿಯ ಕೆಳಗೆ ಇದೇ ಸೀಲು ಒತ್ತಿದ್ದೆ;
"ಈ ಹೆಸರಿನ ಪಂಚಾಯಿತಿ ತಾಲ್ಲೂಕಿನಲ್ಲಿಲ್ಲ"
ಎಂದು ಮೂರೂ ಸಲ ಮರಳಿತು.

ಕಾವಲಿನ ಮುಕ್ಕಾಲಿಗೆ ಈಗ ಗೋಡೆ.
ಒಳಗೇನಿದೆ ಎಂದು ಬರೆಯಲು ಕಾಲಂ ಇಲ್ಲ,
ಇದ್ದರೂ ನನಗೆ ಗೊತ್ತಿಲ್ಲ.
ಸಂಜೆ ಕುರಿಗಳು ಅದರ ಬುಡಕ್ಕೇ ಅಂಟಿಕೊಂಡು ಬರುತ್ತವೆ,
ಗೋಡೆ ತಿರುಗಿದಲ್ಲಿ ತಿರುಗುತ್ತಾ,
ಚೈನು ಹಿಡಿದು ಅಳೆಯಲು ಬಂದವರ ಹಾಗೆ.
ಹುಲ್ಲು ಒಳಗುಳಿಯಿತು,
ಹಟ್ಟಿ ಹೊರಗೆ.

ಐದೂವರೆಗೆ ಪಾಲಯ್ಯ ನಮ್ಮ ವಾಲ್ವು ಕಟ್ಟಿದ.
ಗೊಲ್ಲರಹಟ್ಟಿಯಲ್ಲಿ ಕೊಡಗಳ ಸದ್ದು ಎದ್ದಿತು.
ಹಾಳೆಗೆ ಸೀಲು ಒತ್ತಿದೆ.
ಯಾಕೋ ಕೈ ತಡೆಯಲಿಲ್ಲ,
ಪೆನ್ನಿನಲ್ಲಿ ಒತ್ತು ಎಳೆದೆ,
ನೀಲಿ ಸೀಲಿಗೆ ಕೆಂಪು. ಅದೊಂದೇ ಪೆನ್ನಿತ್ತು.
ಎಷ್ಟು ಸಣ್ಣ ಕೊಂಕು ಅದು!
ಕುರಿ ಬಾಯಿ ಹಾಕಿದರೆ ಒಂದೇ ಎಸಳು.

ತಿದ್ದಿದ ಹಾಳೆ ಸ್ವೀಕರಿಸಲಾಗುವುದಿಲ್ಲ
ಎಂದು ಹಿಂಬದಿಗೆ ಅಚ್ಚಾಗಿತ್ತು.
ಅಂಟಿಸಿದ ಮೇಲೆ ನೆನಪಾಯಿತು.